ದುಗ್ಗಲಮ್ಮನ ಗುಡಿಯಲ್ಲಿ ಕಟ್ಟಿದ ಗಂಟು

ನನ್ನ ಮಗಳು ಗೌರಿ ಎರಡು ಸಲ ಹೆತ್ತಳು. ಎರಡು ಸಲವೂ ಬರಿ ಮಡಿಲಲ್ಲಿ ಎದ್ದಳು. ಮೊದಲನೆಯದು ನಾಯಂಡಹಳ್ಳಿಯ ನಮ್ಮ ಮನೆಯಲ್ಲಿ ಆಯಿತು. ಹೆರುವ ಹೊತ್ತಿಗೆ ಅವಳಿಗೆ ಸನ್ನಿ ಬಂದು ಕೈಕಾಲು ಸೆಟೆದುಕೊಂಡವು, ಹಲ್ಲು ಕಚ್ಚಿಕೊಂಡಿತು. ಸೂಲಗಿತ್ತಿ ಹೇಗೋ ತಾಯಿಯನ್ನು ಉಳಿಸಿದಳು. ಕೂಸಿಗೆ ಉಸಿರೇ ಇರಲಿಲ್ಲ. ಎರಡನೆಯದು ಕೆಂಗೇರಿಯಲ್ಲಿ, ಅವಳ ಅತ್ತೆಯ ಮನೆಯಲ್ಲಿ. ಅದು ದಿನ ತುಂಬದೆ ಹುಟ್ಟಿತು, ಒಂದು ಸಲ ಅತ್ತಿತು, ಸುಮ್ಮನಾಯಿತು. ಮೊದಲ ಸಲ ನಮ್ಮ ಬೀಗಿತ್ತಿ ಕೆಂಪಮ್ಮನವರು ನಮ್ಮ ಮನೆಯ ದೋಷ ಎಂದರು. ಎರಡನೆಯ ಸಲ ನಾನು ಅವರ ಮನೆಯ ದೋಷ ಎಂದೆ. ಚೆನ್ನಾಗಿ ಬೈದಾಡಿಕೊಂಡೆವು. ಕೂಸುಗಳು ಮಾತ್ರ ವಾಪಸು ಬರಲಿಲ್ಲ.

ನಮ್ಮೂರ ದುಗ್ಗಲಮ್ಮನನ್ನು ನಂಬಿದವರಿಗೆ ಈ ಸಂಗತಿ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ನನ್ನ ಹೆಸರು ನಿಂಗಮ್ಮ. ವಯಸ್ಕರ ಶಾಲೆಯಲ್ಲಿ ಕಲಿತಷ್ಟು ಅಕ್ಷರ ನನ್ನದು, ತಪ್ಪಿದ್ದ ಕಡೆ ಬೇರೆಯವರು ತಿದ್ದಿದ್ದಾರೆ. ನಮ್ಮ ಊರಿನವರು ಈ ಕಥೆಯನ್ನು ಬಾಯಿಗೆ ಬಂದ ಹಾಗೆ ಹೇಳುತ್ತಾರೆ. ದುಗ್ಗಲಮ್ಮ ನನ್ನ ಕನಸಿನಲ್ಲಿ ಬಂದು ಕೈ ಹಿಡಿದು ಎಬ್ಬಿಸಿದಳಂತೆ. ನನಗೆ ಯಾವ ಕನಸೂ ಬೀಳಲಿಲ್ಲ. ದಿನವೆಲ್ಲ ಹೊಲದಲ್ಲಿ ದುಡಿದವಳಿಗೆ ಕನಸು ಎಲ್ಲಿಂದ ಬಿದ್ದೀತು? ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕನ್ನಡ ನಾಡೆಲ್ಲ ಒಂದಾಯಿತೆಂದು ಪೇಟೆಯಲ್ಲಿ ಬಾವುಟ ಕಟ್ಟಿದರಲ್ಲ, ಆ ವರ್ಷ. ಗೌರಿ ಮೂರನೆಯ ಸಲ ಬಸುರಾಗಿದ್ದಳು. ನಾನು ಒಂದೇ ಮಾತು ಹೇಳಿದೆ: ಈ ಸಲ ನಮ್ಮ ಮನೆಯೂ ಬೇಡ, ಅವರ ಮನೆಯೂ ಬೇಡ, ಪೇಟೆಯ ಹೆರಿಗೆ ಆಸ್ಪತ್ರೆಯಲ್ಲಿ ಆಗಲಿ. ಅದು ಯಾರ ಮನೆಯೂ ಅಲ್ಲ.

ಬೀಗಿತ್ತಿ ಕೆಂಗೇರಿಯಿಂದ ಗಾಡಿ ಕಟ್ಟಿಸಿಕೊಂಡು ಬಂದರು. ಜಗಲಿಯ ಮೇಲೆ ಕೂತು, ನೀರು ಸಹ ಕುಡಿಯದೆ ಶುರು ಮಾಡಿದರು.

"ಆಸ್ಪತ್ರೆಗೆ ಹೋದೋರು ಹೊಟ್ಟೆ ಕುಯ್ಸ್ಕೊಂಡು ಬರ್ತಾರೆ ಬೀಗಿತ್ತಿ. ನಮ್ಮ ವಂಶದಲ್ಲಿ ಯಾರೂ ಅಲ್ಲಿಗೆ ಹೋಗಿಲ್ಲ."

"ಮೊದ್ಲು ವಂಶ ಅಂತ ಒಂದು ಹುಟ್ಲಿ. ಆಮೇಲೆ ಅದು ಎಲ್ಲಿಗೆ ಹೋಗ್ಬೇಕು ಅಂತ ಮಾತಾಡಾಣ" ಎಂದೆ.

ಅಳಿಯ ಚಿಕ್ಕರಂಗ ಬಿನ್ನಿಪೇಟೆಯಲ್ಲಿ ಮಿಲ್ಲಿನ ಕೆಲಸ ಮಾಡುತ್ತಾನೆ. ಒಳ್ಳೆಯ ಹುಡುಗ. ಆದರೆ ಅವನ ಬಾಯಿಂದ ಒಂದು ತೀರ್ಮಾನ ಬರುವುದರೊಳಗೆ ರಾಗಿ ಬಿತ್ತಿ ಕುಯ್ಯಬಹುದು. "ಅತ್ತೆ ಹೇಳೋದೂ ಸರೀನೆ, ನಮ್ಮವ್ವ ಹೇಳೋದೂ ಸರೀನೆ" ಎಂದು ಸೈಕಲ್ ಹತ್ತಿ ಹೊರಟುಹೋದ.

ನಾನು ಗೌರಿಯನ್ನು ಕರೆದುಕೊಂಡು ಒಂದು ಸಲ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದೆ. ಅಲ್ಲಿ ಒಬ್ಬ ನರ್ಸಮ್ಮ ಇದ್ದರು, ದಪ್ಪ ಗಂಟಲಿನವರು. ಬಾಗಿಲಲ್ಲಿ ನಿಂತರೆ ಬೀದಿಯ ಜಟಕಾ ಕುದುರೆಯೂ ಕಿವಿ ನಿಮಿರಿಸಬೇಕು, ಹಾಗೆ ಮಾತಾಡುತ್ತಿದ್ದರು. "ಹೆರಿಗೆಗೆ ಬರೋವಾಗ ಬರಿಗೈಲಿ ಬರಬೇಡಿ. ಹಳ್ಳಿಯಿಂದ ಬರೋರೆಲ್ಲ ಬರಿಗೈಲಿ ಬಂದು, ಆಮೇಲೆ ಮಗೂಗೆ ಸುತ್ತೋಕೆ ಸೆರಗು ಹರೀತೀರಿ" ಎಂದು ಬೈದು, ಏನೇನು ತರಬೇಕೆಂದು ಬೆರಳು ಮಡಿಸಿ ಹೇಳಿದರು. ಹಳೆಯ ಮೆತ್ತನೆ ಬಟ್ಟೆ, ನೀರಿನಲ್ಲಿ ಕುದಿಸಿ ಬಿಸಿಲಿನಲ್ಲಿ ಒಣಗಿಸಿದ್ದು. ತಾಯಿಗೆ ಉಡಲು ಸೀರೆ, ಹೊಟ್ಟೆಗೆ ಸುತ್ತಲು ಉದ್ದನೆಯ ಬಟ್ಟೆ. ಸೋಪು, ತಟ್ಟೆ, ಚೊಂಬು. ಮಗುವಿಗೆ ಹೊದಿಸಲು ಬೆಚ್ಚನೆಯದೇನಾದರೂ. ಜೊತೆಗೆ ಇರಲು ಒಬ್ಬ ಹೆಂಗಸು, "ಅಳದೇ ಇರೋ ಅಂಥೋಳು" ಎಂದರು. ಅದು ನಾನೇ ಎಂದುಕೊಂಡೆ.

ಇಲ್ಲಿಯೇ ಕಷ್ಟ ಇದ್ದದ್ದು. ನಮ್ಮ ಕಡೆ ಹುಟ್ಟದ ಕೂಸಿಗೆ ಒಂದು ಚಿಂದಿಯನ್ನೂ ಎತ್ತಿಡುವುದಿಲ್ಲ. ತೊಟ್ಟಿಲನ್ನು ಅಟ್ಟದಿಂದ ಇಳಿಸುವುದಿಲ್ಲ, ಕೂಸಿನ ಹೆಸರಿನಲ್ಲಿ ಒಂದು ತೊಟ್ಟು ಎಣ್ಣೆಯನ್ನೂ ಬೇರೆ ಇಡುವುದಿಲ್ಲ. ಮೊದಲೇ ಹೊಂಚಿ ಕೂಡಿಟ್ಟರೆ ಅದು ಯಾವುದೋ ಕೆಟ್ಟ ಕಣ್ಣಿಗೆ ಬೀಳುತ್ತದೆ, ಬರುವ ಕೂಸು ದಾರಿಯಲ್ಲೇ ತಿರುಗಿಬಿಡುತ್ತದೆ ಎಂಬ ಭಯ. ಅದರ ಮೇಲೆ ನಾನು ಗಂಡ ಸತ್ತವಳು. ಶುಭದ ಗಂಟಿಗೆ ನನ್ನ ಕೈ ತಾಕಲೇಬಾರದು.

ನಾನು ಹಳೇ ಪಂಚೆ ಕೇಳುತ್ತಿದ್ದೇನೆ ಎಂಬ ಸುದ್ದಿ ಕೆಂಗೇರಿ ಮುಟ್ಟಿತು. ಬೀಗಿತ್ತಿ ಮತ್ತೆ ಬಂದರು.

"ಹುಟ್ಟದ ಕೂಸಿಗೆ ಬಟ್ಟೆ ಹೊಂಚ್ತಾ ಇದ್ದೀರಂತೆ. ಅದೂ ನೀವು! ಹಣೇಲಿ ಕುಂಕುಮ ಇರೋರು ಯಾರೂ ಸಿಗ್ಲಿಲ್ವ?"

"ಗೌರಿಯಪ್ಪ ಹೋದಾಗಿಂದ ನಾನೇ ರಾಗಿ ಬಿತ್ತುತಾ ಇವ್ನಿ. ಯಾವ ಕಾಳೂ ನನ್ನ ಹಣೆ ನೋಡ್ಕೊಂಡು ಮೊಳೆಯೋದು ಬಿಡ್ಲಿಲ್ಲ" ಎಂದೆ.

ಜೋರಾಗಿ ಹೇಳಿಬಿಟ್ಟೆ. ಆದರೆ ಒಳಗೆ ಹೆದರಿಕೆ ಇತ್ತು. ಎರಡು ಮೊಮ್ಮಕ್ಕಳನ್ನು ಮಣ್ಣಿಗೆ ಕೊಟ್ಟ ಮೇಲೆ ಹೆದರದೆ ಇರಲು ನಾನೇನು ಕಲ್ಲೇ? ಗಂಟು ಕಟ್ಟದೆ ಆಸ್ಪತ್ರೆಗೆ ಹೋದರೆ ಅಲ್ಲಿ ತೊಂದರೆ. ಕಟ್ಟಿಕೊಂಡು ಹೋಗಿ ಮೂರನೆಯದಕ್ಕೂ ಹೆಚ್ಚುಕಡಿಮೆ ಆದರೆ, ನಿನ್ನ ಕೈಯೇ ಕೊಂದಿತು ಅನ್ನುತ್ತಾರೆ. ಊರವರು ಅಂದರೆ ಅನ್ನಲಿ. ಗೌರಿ ಹಾಗಂದುಕೊಂಡರೆ?

ದುಗ್ಗಲಮ್ಮನನ್ನು ಕೇಳುವುದೆಂದು ಹೊರಟೆ.

ನಮ್ಮ ಕೆರೆ ಏರಿಯ ಮೇಲೆ ದುಗ್ಗಲಮ್ಮನ ಗುಡಿ ಇದೆ. ದೊಡ್ಡ ಗುಡಿಯಲ್ಲ. ಒಳಗೆ ಮೊಳದುದ್ದದ ಕಲ್ಲು, ಅದಕ್ಕೆ ಬೆಳ್ಳಿಯ ಕಣ್ಣು. ಅಮ್ಮನನ್ನು ಏನಾದರೂ ಕೇಳಬೇಕಾದರೆ ಹೂ ಕೇಳುತ್ತೇವೆ. ಪೂಜಾರಿ ಮುನಿಯಪ್ಪ ಒದ್ದೆ ಹೂವನ್ನು ಕಲ್ಲಿಗೆ ಅಂಟಿಸುತ್ತಾನೆ. ಬಲಗಡೆ ಬಿದ್ದರೆ ಆಗಲಿ ಎಂದು, ಎಡಗಡೆ ಬಿದ್ದರೆ ಬೇಡ ಎಂದು. ನಾನು ಕೈಮುಗಿದು ಕೇಳಿದೆ: "ತಾಯಿ, ಗೌರೀನ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಾ?"

ಹೂ ಬೀಳಲಿಲ್ಲ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಮೊಳೆ ಹೊಡೆದ ಹಾಗೆ ಕೂತಿತು. ಹೊಲದ ಕೆಲಸ ಬಿಟ್ಟು ಹೊತ್ತು ಇಳಿಯುವ ತನಕ ಕೂತೆ.

"ಅಮ್ಮ ಯೋಚ್ನೆ ಮಾಡ್ತಾವ್ಳೆ. ಮುಂದಿನ ಶುಕ್ರವಾರ ಬಾ ನಿಂಗಮ್ಮಕ್ಕ" ಎಂದ ಮುನಿಯಪ್ಪ.

ಮುಂದಿನ ಶುಕ್ರವಾರವೂ ಹಾಗೆಯೇ. ಕೊಡ ಹೊತ್ತು ಏರಿಯ ಮೇಲೆ ಹೋಗುತ್ತಿದ್ದ ಹೆಂಗಸರು ನಿಂತು ನೋಡಿದರು. "ಹೂ ಕೊಡ್ಲಿಲ್ಲ ಅಂದ್ರೆ ಬೇಡ ಅಂತಾನೆ ಕಣಕ್ಕ" ಎಂದಳು ಒಬ್ಬಳು.

"ಬೇಡ ಅನ್ನೋಕೆ ಎಡಗಡೆ ಇಲ್ವ? ಅಲ್ಲಿಗೆ ಹಾಕೋಳು. ನಿನ್ನ ಕೊಡ ಎತ್ಕೊಂಡು ನಡಿ" ಎಂದೆ.

ಅವರೆಲ್ಲ ಹೋದ ಮೇಲೆ ನಾನು ಅಮ್ಮನ ಹತ್ತಿರ ಸರಿದು ಕೂತೆ. ಮಂತ್ರ ನನಗೆ ಬರುವುದಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. "ನೋಡು ತಾಯಿ, ನೀನು ಹೂಂ ಅಂತಾನೂ ಅಂತಿಲ್ಲ, ಉಹೂಂ ಅಂತಾನೂ ಅಂತಿಲ್ಲ. ನನ್ನ ಮನೇಲಿ ನಾನು ಗಂಟು ಕಟ್ಟೋ ಹಂಗಿಲ್ಲ. ಅದಕ್ಕೆ ನಿನ್ನ ಮನೇಲಿ ಕಟ್ತೀನಿ. ಅದರಲ್ಲಿ ಇರೋದೆಲ್ಲ ನಿಂದು. ಕೂಸಿಂದಲ್ಲ, ಗೌರೀದಲ್ಲ, ನಂದಂತೂ ಅಲ್ಲವೇ ಅಲ್ಲ. ಯಾವಾಗ ಕೊಡ್ಬೇಕು ಅನ್ನಿಸ್ತದೋ ಆವಾಗ ಕೊಡು. ಇಸ್ಕೊಂಡು ಹೋಗ್ತೀನಿ."

ಈ ಬುದ್ಧಿ ನನಗೆ ಹೊಳೆದದ್ದಲ್ಲ, ಅಮ್ಮನೇ ಕೊಟ್ಟದ್ದು ಎಂದು ಈಗ ಎಲ್ಲರೂ ಹೇಳುತ್ತಾರೆ. ಇರಬಹುದು. ಬಟ್ಟೆ ಕುದಿಸಿದ್ದು ಮಾತ್ರ ನಾನೇ.

ಆಮೇಲೆ ಮನೆಮನೆಗೆ ಹೋಗಿ, "ಅಮ್ಮನ ಗುಡಿಗೆ ಹಳೇ ಬಟ್ಟೆ ಬೇಕು" ಎಂದು ಕೇಳಿದೆ. ಸುಳ್ಳಲ್ಲವಲ್ಲ. ಹೆತ್ತ ಮಕ್ಕಳೆಲ್ಲ ಬದುಕಿ ಬಾಳುತ್ತಿರುವ ಹೆಂಗಸರ ಸೀರೆಯನ್ನೇ ಆರಿಸಿ ತಂದೆ, ಅದರಲ್ಲಿ ನಾನು ಪದ್ಧತಿ ಬಿಡಲಿಲ್ಲ. ಹೊಸದು ಒಂದೂ ಇಲ್ಲ, ಹೊಸ ಬಟ್ಟೆ ಎಳೆಯ ಮೈಗೆ ಉಜ್ಜುತ್ತದೆ. ಉಟ್ಟುಟ್ಟು ಬೆಣ್ಣೆಯ ಹಾಗೆ ಆಗಿದ್ದವನ್ನು ತಂದು, ಸೋಡಾ ಹಾಕಿ, ಹಿತ್ತಲಿನ ಹಂಡೆಯಲ್ಲಿ ಕುದಿಸಿದೆ. ಒಗೆದು ಮತ್ತೆ ಕುದಿಸಿದೆ. ಬೇಲಿಯ ಮೇಲೆ ಹಾಕಿದರೆ ಕಾಗೆ ಕೂರುತ್ತದೆಂದು ಹಗ್ಗ ಕಟ್ಟಿ ಒಣಗಿಸಿ, ಕಾವಲು ಕೂತೆ. ಅಂಚು ಹರಿದು ತೆಗೆದು, ಕೂಸಿಗೆ ಸುತ್ತುವುದು, ಕೆಳಗೆ ಹಾಸುವುದು, ಒರೆಸುವುದು ಎಂದು ಬೇರೆ ಬೇರೆ ಅಳತೆಗೆ ಹರಿದು ಮಡಿಸಿದೆ. ಕತ್ತಲಲ್ಲಿ ಕೈ ಹಾಕಿದರೂ ಯಾವುದು ಯಾವುದೆಂದು ತಿಳಿಯಬೇಕು, ಹಾಗೆ ಜೋಡಿಸಿದೆ. ಹರಳೆಣ್ಣೆ ಸೀಸೆಗೆ ಬಿರಡೆ ಹಾಕಿ ಮೇಲೆ ಬಟ್ಟೆ ಬಿಗಿದೆ. ಮನೆಯಲ್ಲಿದ್ದ ಒಂದು ಕಂಬಳಿಯನ್ನೂ ಕೊಡವಿ, ಬಿಸಿಲು ಕಾಯಿಸಿ, ಒಳಗೆ ಹಳೇ ಸೀರೆಯ ಪದರ ಕೊಟ್ಟು ಹೊಲಿದೆ. ನಡುವೆ ದೃಷ್ಟಿಗೆಂದು ಒಂದು ಕಬ್ಬಿಣದ ಮೊಳೆ ಸೇರಿಸಿದೆ.

ಎಲ್ಲವನ್ನೂ ತಲೆಯ ಮೇಲೆ ಹೊತ್ತು ಗುಡಿಗೆ ತಂದು ಅಮ್ಮನ ಮುಂದೆ ಜಮಖಾನದಲ್ಲಿ ಕಟ್ಟಿದೆ. ಮುನಿಯಪ್ಪ ಹೌಹಾರಿದ.

"ಗುಡಿ ಒಳಗೆ ಬಾಣಂತಿ ಬಟ್ಟೆ ಇಡ್ತೀಯಾ! ಮೈಲಿಗೆ ಕಣಕ್ಕ, ಮೈಲಿಗೆ!"

"ಇನ್ನೂ ಯಾರೂ ಹೆತ್ತಿಲ್ಲ ಕಣೋ. ಎರಡು ಸಲ ಕುದಿಸಿರೋದು. ನೀನು ಉಟ್ಟಿರೋ ಪಂಚೆಗಿಂತ ಮಡಿಯಾಗಿ ಅದೆ."

ಅವನು ಒಂದು ಸಲ ತನ್ನ ಪಂಚೆಯನ್ನು ನೋಡಿಕೊಂಡು ಪಕ್ಕಕ್ಕೆ ಸರಿದ. ಗಂಟನ್ನು ಅಮ್ಮನ ಬಲಗಡೆ ಇಟ್ಟು ಬಂದೆ.

ಹೀಗೇ ಕಾರ್ತಿಕ ಬಂತು. ಗೌರಿ ನಮ್ಮ ಮನೆಯಲ್ಲೇ ಇದ್ದಳು. ಅವಳು ಮೈಕೈ ತುಂಬಿಕೊಂಡಳು. ಮುಖ ಗುಂಡಗಾಯಿತು, ಪಾದ ಬಾತುಕೊಂಡವು. ನೋಡಿದವರೆಲ್ಲ, "ಎಂಥಾ ಕಳೆ ಬಂದದೆ ನೋಡು, ಈ ಸಲ ಗಂಡೇ" ಎನ್ನುತ್ತಿದ್ದರು. ನಮ್ಮ ಕಡೆ ಬಸುರಿ ಊದಿಕೊಂಡರೆ ತೌರಿನವರು ಚೆನ್ನಾಗಿ ಸಾಕಿದ್ದಾರೆ ಎಂದು ಹೊಗಳುತ್ತಾರೆ. ನಾನೂ ಹಿಗ್ಗಿದೆ. ಬಳೆ ಕೈಗೆ ಒತ್ತುತ್ತದೆ ಎಂದಾಗ ಸೋಪು ಹಚ್ಚಿ ಜಾರಿಸಿ ತೆಗೆದೆ, ಮಗಳು ದಪ್ಪಗಾದಳಲ್ಲ ಎಂದು ನಕ್ಕೆ. ತಲೆ ಸಿಡಿಯುತ್ತದೆ ಎಂದಾಗ ಜನರ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ತಲೆನೋವು ಹೋಗಲಿಲ್ಲ.

ಆ ವಾರ ಅಳಿಯ ಬಂದು ಬಾಗಿಲ ಹತ್ತಿರ ನಿಂತೇ ಹೇಳಿದ. "ಅತ್ತೆ, ಸೋಮವಾರ ನಮ್ಮವ್ವ ಗಾಡಿ ಕಳಿಸ್ತದಂತೆ. ಅಮ್ಮ ಹೂ ಕೊಟ್ಟಿಲ್ಲ ಅಂದ್ಮೇಲೆ ಆಸ್ಪತ್ರೆ ಬೇಡ, ಮನೇಲೇ ಆಗ್ಲಿ ಅಂತು. ಕೆಂಗೇರಿ ಸೂಲಗಿತ್ತಿಗೂ ಹೇಳಾಯ್ತು."

ನಾನು ಗೌರಿಯ ಮುಖ ನೋಡಿದೆ. ಅವಳು, "ಸಾಕವ್ವ. ನನ್ನಿಂದ ನೀವಿಬ್ರೂ ಜಗಳ ಆಡೋದು ಸಾಕು. ಹೋಗ್ತೀನಿ" ಎಂದಳು.

ಆ ಮಾತಿಗೆ ನಾನು ಸೋತೆ. ಗಂಡ ಹೋದಾಗಲೂ ನಾನು ಹಾಗೆ ಕೈಚೆಲ್ಲಿರಲಿಲ್ಲ. ಅಮ್ಮ ಬಾಯಿ ಬಿಡುತ್ತಿಲ್ಲ, ಮಗಳೂ ಬೇಡ ಎನ್ನುತ್ತಾಳೆ, ಇನ್ನು ನನ್ನದೇನು ಹಠ ಎನಿಸಿತು. ಶುಕ್ರವಾರ ಬೆಳಿಗ್ಗೆ ಗುಡಿಗೆ ಹೋದೆ. ಹೂ ಕೇಳುವುದಕ್ಕಲ್ಲ. ಗಂಟು ಬಿಚ್ಚಿ, ಸೀರೆ ಕೊಟ್ಟವರಿಗೆ ಅವರವರದನ್ನು ಹರಿದ ಹಾಗೆಯೇ ಹಿಂದಕ್ಕೆ ಕೊಡುವುದಕ್ಕೆ.

ಮುನಿಯಪ್ಪ ಆಗ ತಾನೇ ಪೂಜೆ ಮುಗಿಸಿ ಹೊರಗೆ ಕೂತು ಎಲೆಅಡಿಕೆ ಹಾಕುತ್ತಿದ್ದ. ನಾನು ಒಳಗೆ ಹೋಗಿ ಗಂಟಿನ ಮುಂದೆ ಕೂತೆ. ಅಮ್ಮನ ಕಡೆ ನೋಡಲಿಲ್ಲ. ನಿಜ ಹೇಳಬೇಕೆಂದರೆ ಅವಳ ಮೇಲೆ ನನಗೆ ಸಿಟ್ಟು ಬಂದಿತ್ತು. ಜಮಖಾನದ ಗಂಟು ಬಿಗಿಯಾಗಿತ್ತು, ನಾನು ಕಟ್ಟಿದ್ದಲ್ಲವೇ. ಹಲ್ಲಿನಿಂದ ಎಳೆದು ಸಡಿಲ ಮಾಡಿ, ಬೆರಳು ತೂರಿಸಿದೆ.

ಹೂ ಬಿತ್ತು.

ಒಂದು ಕೆಂಪು ಕಣಗಿಲೆ, ಅಮ್ಮನ ತಲೆಯಿಂದ ಜಾರಿ, ಬಲಗಡೆಯಿಂದ ಇಳಿದು, ಗಂಟಿನ ಮೇಲೆ, ನನ್ನ ಬೆರಳ ಮೇಲೆ ಬಿತ್ತು. ತಣ್ಣಗಿತ್ತು.

ನಾನು ಮುನಿಯಪ್ಪನನ್ನು ಕೂಗಿದೆ. ಅವನು ಬಂದು ನೋಡಿ ತಲೆ ಕೆರೆದುಕೊಂಡ. "ನೀನು ಕೇಳ್ಲೇ ಇಲ್ವಲ್ಲಕ್ಕ? ಕೇಳ್ದೆ ಬಿದ್ದಿದ್ದು ಲೆಕ್ಕಕ್ಕಿಲ್ಲ. ಗಾಳಿಗೆ ಬಿದ್ದಿರ್ತದೆ."

"ಗಾಳಿ ಯಾರದೋ?" ಎಂದೆ.

ನಾನು ಕೇಳಿದ್ದು ಹೌದು, ಗಂಟು ಇಟ್ಟ ದಿನವೇ ಕೇಳಿದ್ದೆ. ಯಾವಾಗ ಕೊಡಬೇಕು ಅನಿಸುತ್ತದೋ ಆವಾಗ ಕೊಡು ಎಂದಿದ್ದೆ. ಅವಳು ಈಗ ಕೊಟ್ಟಳು. ಈಗ ಎಂದರೆ ಈಗ. ಸಡಿಲವಾದ ಗಂಟನ್ನು ಮೊದಲಿಗಿಂತ ಬಿಗಿಯಾಗಿ ಎಳೆದು ಕಟ್ಟಿ, ತಲೆಯ ಮೇಲಿಟ್ಟುಕೊಂಡು ಮನೆಗೆ ಬಂದೆ.

"ಏಳು ಗೌರಿ, ಆಸ್ಪತ್ರೆಗೆ."

"ನೋವೇ ಬಂದಿಲ್ವಲ್ಲವ್ವ! ದಿನಾನೂ ತುಂಬಿಲ್ಲ. ಸೋಮವಾರ ಗಾಡಿ ಬರ್ತದೆ ಅಂದ್ರಲ್ಲ."

"ಬರ್ಲಿ. ಬಂದು ಎತ್ತಿಗೆ ನೀರು ಕುಡಿಸ್ಕೊಂಡು ಹೋಗ್ಲಿ."

ಪಕ್ಕದ ಮನೆಯವರು ಬೇಲಿಯ ಮೇಲಿಂದ, "ನಿಂಗಮ್ಮಂಗೆ ತಲೆ ಕೆಟ್ಟದೆ" ಎಂದರು. ನಾನು ತಿರುಗಿ ಮಾತಾಡಲಿಲ್ಲ, ಮೈಸೂರು ರಸ್ತೆಯ ಬಸ್ಸು ತಪ್ಪಿಬಿಡುತ್ತದೆಂದು.

ಬಸ್ಸಿನಲ್ಲಿ ಕಂಡಕ್ಟರು ಗಂಟು ನೋಡಿ, "ಯಾವೂರ ಜಾತ್ರೆಗಮ್ಮೋ ಇಷ್ಟು ದೊಡ್ಡ ಗಂಟು? ಮೇಲಕ್ಕೆ ಹಾಕಿ" ಎಂದ.

"ಇದು ಮೇಲಕ್ಕೆ ಹೋಗೋದಲ್ಲಪ್ಪ. ನನ್ನ ತೊಡೆ ಮೇಲಿರ್ತದೆ. ನೀನು ಬಸುರಿ ಹುಡುಗೀಗೆ ಜಾಗ ಬಿಡಿಸು."

ಅವನು ಜಾಗ ಬಿಡಿಸಿಕೊಟ್ಟ, ಪುಣ್ಯಾತ್ಮ. ಬಿನ್ನಿಪೇಟೆ ಹತ್ತಿರ ನಮ್ಮೂರಿನವನೊಬ್ಬ ಇಳಿಯುತ್ತಿದ್ದ. ಮಿಲ್ಲಿನ ಗೇಟಿನಲ್ಲಿ ನಮ್ಮ ಅಳಿಯನಿಗೆ ಹೇಳಿಬಿಡು ಎಂದೆ. ದಾರಿಯುದ್ದಕ್ಕೂ ಗೌರಿ ಕಣ್ಣು ಮುಚ್ಚಿಕೊಂಡಿದ್ದಳು. "ಅವ್ವ, ಕಣ್ಣು ಬಿಟ್ರೆ ಎಲ್ಲ ಮಂಜು ಮಂಜು" ಎಂದಳು. ಅವಳ ತಲೆಯನ್ನು ನನ್ನ ಭುಜಕ್ಕೆ ಒರಗಿಸಿಕೊಂಡೆ. ಮಾರ್ಕೆಟ್ಟಿನ ಹತ್ತಿರ ಇಳಿದು ಜಟಕಾ ಹತ್ತಿಸಿದೆ.

ಆಸ್ಪತ್ರೆಯ ಬಾಗಿಲಲ್ಲಿ ಅದೇ ನರ್ಸಮ್ಮ. "ನೋವು ಯಾವಾಗ ಶುರುವಾಯ್ತು?"

"ಶುರುವಾಗಿಲ್ಲ."

"ನೀರು ಹೋಯ್ತಾ?"

"ಇಲ್ಲ."

"ಮತ್ತೆ ಯಾಕೆ ಬಂದ್ರಿ?"

"ಅಮ್ಮ ಹೂ ಕೊಟ್ಲು."

ನರ್ಸಮ್ಮ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. ಪಕ್ಕದಲ್ಲಿದ್ದ ಆಯಾ ಬಾಯಿಗೆ ಸೆರಗು ಹಿಡಿದು ನಕ್ಕಳು. "ನೋಡಿಮ್ಮಾ, ಹೂ ಸಿಕ್ಕೋರಿಗೆಲ್ಲ ಹಾಸಿಗೆ ಕೊಡೋಕೆ ನಮ್ಮ ಹತ್ರ ಹಾಸಿಗೆ ಇಲ್ಲ. ನೋವು ಬಂದಾಗ ಬನ್ನಿ" ಎಂದರು. ಅವರದ್ದು ತಪ್ಪಲ್ಲ, ಒಳಗೆ ನೆಲದ ಮೇಲೂ ಹೆಂಗಸರು ಮಲಗಿದ್ದರು.

ನಾನು ಗಂಟನ್ನು ಮೆಟ್ಟಿಲ ಮೇಲಿಟ್ಟು ಅದರ ಪಕ್ಕದಲ್ಲಿ ಕೂತೆ. ಗೌರಿಯನ್ನೂ ಒರಗಿಸಿ ಕೂರಿಸಿದೆ. "ಹಾಸಿಗೆ ಬೇಡ. ಇಲ್ಲೇ ಇರ್ತೀವಿ. ನನಗೆ ಕೊಟ್ಟೋಳು ವಾಪಸು ಹೋಗು ಅಂದಿಲ್ಲ."

"ಎದ್ದೇಳಿಮ್ಮಾ, ದಾರಿ ಬಿಡಿ!" ಎಂದು ನರ್ಸಮ್ಮ ಗಂಟಲು ಏರಿಸಿದರು. ಆ ಗಂಟಲಿಗೆ ಒಳಗಿನಿಂದ ಡಾಕ್ಟರಮ್ಮ ಹೊರಗೆ ಬಂದರು. ಏನು ಗಲಾಟೆ ಎಂದು ಕೇಳುತ್ತಿದ್ದವರು ಗೌರಿಯ ಮುಖ ನೋಡಿ ಮಾತು ನಿಲ್ಲಿಸಿದರು. ಬಗ್ಗಿ ಅವಳ ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಕಡೆ ಕಲಸಿದ ಹಿಟ್ಟಿನಲ್ಲಿ ಬಿದ್ದ ಹಾಗೆ ಗುಳಿ ಬಿತ್ತು, ತುಂಬಿಕೊಳ್ಳಲಿಲ್ಲ.

"ತಲೆನೋವಿದೆಯಾ? ಕಣ್ಣು ಮಂಜಾಗುತ್ತಾ?" ಗೌರಿ ಹೂಂ ಎಂದಳು. "ಮೊದಲಿನ ಹೆರಿಗೇಲಿ ಸನ್ನಿ ಬಂದಿತ್ತಾ?" ನಾನು ಹೂಂ ಎಂದೆ. ಡಾಕ್ಟರಮ್ಮ ಎದ್ದು ನಿಂತು, "ಒಳಗೆ ತಗೊಳ್ಳಿ, ಈಗಲೇ" ಎಂದರು. ನಗುತ್ತಿದ್ದ ಆಯಾ ನಗು ಬಿಟ್ಟು ಓಡಿದಳು.

ಅವಳನ್ನು ಮಲಗಿಸಿ, ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದರು. ಊದಿಕೊಂಡಿದ್ದು ತೌರಿನ ಊಟದಿಂದಲ್ಲ, ಅದು ಸನ್ನಿ ತರುವ ರೋಗ ಎಂದರು. ಸೂಜಿಮದ್ದು ಕೊಡುತ್ತಿದ್ದ ಹಾಗೆಯೇ, ನನ್ನ ಕಣ್ಣ ಮುಂದೆ ಗೌರಿಯ ಕೈಕಾಲು ಸೆಟೆದುಕೊಂಡವು. ಕಣ್ಣು ಮೇಲೆ ಸಿಕ್ಕಿಕೊಂಡವು. ಮೊದಲನೆಯ ಸಲದ್ದೇ ಸನ್ನಿ. ಆದರೆ ಈ ಸಲ ಸುತ್ತಲೂ ಡಾಕ್ಟರಮ್ಮ, ನರ್ಸಮ್ಮ, ಮದ್ದು, ಎಲ್ಲ ಇತ್ತು. ಹಲ್ಲಿನ ನಡುವೆ ಏನೋ ಇಟ್ಟರು, ಮಗ್ಗುಲಿಗೆ ತಿರುಗಿಸಿದರು. ನನ್ನನ್ನು ಹೊರಕ್ಕೆ ತಳ್ಳಿದರು.

ಸ್ವಲ್ಪ ಹೊತ್ತಿಗೆ ನರ್ಸಮ್ಮ ಹೊರಗೆ ಬಂದು, ಆಪರೇಷನ್ ಮಾಡಿ ಮಗುವನ್ನು ತೆಗೆಯಬೇಕು, ಇಲ್ಲದಿದ್ದರೆ ಇಬ್ಬರೂ ಉಳಿಯುವುದಿಲ್ಲ ಎಂದರು. "ಗಂಡ ಎಲ್ಲಿ?"

"ಬರ್ತಾವ್ನೆ. ಅವನ ದಾರಿ ಕಾಯಬೇಡಿ."

"ಹಾಗಾದ್ರೆ ಇಲ್ಲಿ ಹೆಬ್ಬೆಟ್ಟು ಒತ್ತಿ."

"ಹೆಬ್ಬೆಟ್ಟು ಯಾಕೆ? ರುಜು ಹಾಕ್ತೀನಿ" ಎಂದೆ. ನಿಂಗಮ್ಮ ಎಂದು ಬರೆದೆ. ಅಕ್ಷರ ಸೊಟ್ಟಗೆ ಬಂದವು. ಹೊಟ್ಟೆ ಕುಯ್ಯಲು ಒಪ್ಪಿದವಳು ನಾನು. ಏನಾದರೂ ಆದರೆ ಕೆಂಗೇರಿಯವರು ನನ್ನನ್ನು ಹೂತುಬಿಡುತ್ತಾರೆ ಎಂದು ಗೊತ್ತಿತ್ತು.

ಅವರು ಗಂಟನ್ನೂ ಒಳಗೆ ತೆಗೆದುಕೊಂಡು ಹೋದರು. ನನ್ನ ಕೈ ಖಾಲಿಯಾಯಿತು. ಗೋಡೆಗೆ ಒರಗಿ ನಿಂತೆ. ಅಳದೇ ಇರುವ ಹೆಂಗಸು ಬೇಕೆಂದಿದ್ದರಲ್ಲ, ಅಳಲಿಲ್ಲ. "ಕೊಟ್ಟಿದ್ದೀಯ, ಅರ್ಧಕ್ಕೆ ಕೈ ಬಿಡಬೇಡ" ಎಂದು ಅಮ್ಮನಿಗೆ ಹೇಳುತ್ತಲೇ ಇದ್ದೆ. ದೀಪ ಹಚ್ಚುವ ಹೊತ್ತಿಗೆ ಒಳಗಿಂದ ಒಂದು ಸದ್ದು ಕೇಳಿಸಿತು. ಬೆಕ್ಕಿನ ಮರಿ ಕೂಗಿದ ಹಾಗೆ. ಮತ್ತೆ ಕೇಳಿಸಿತು. ಮತ್ತೆ. ನಿಲ್ಲಲಿಲ್ಲ.

ಹೆಣ್ಣು ಮಗು. ಅಂಗೈಯಷ್ಟು ಅನ್ನಬೇಕು, ಅಷ್ಟು ಸಣ್ಣದು. ಗೌರಿಯೂ ಉಳಿದಳು. ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು, "ನೋವು ಬರಲಿ ಅಂತ ಮನೇಲಿ ಕಾದಿದ್ರೆ, ಆ ಸನ್ನಿ ಅಲ್ಲೇ ಬರ್ತಿತ್ತು. ಆಮೇಲೆ ಇಲ್ಲಿಗೆ ತಂದಿದ್ರೂ ನನ್ನ ಕೈಲಿ ಏನೂ ಇರ್ತಿರಲಿಲ್ಲ. ಇವತ್ತೇ ಯಾಕೆ ಬಂದ್ರಿ?" ಎಂದರು.

ನಾನು ನರ್ಸಮ್ಮನ ಕಡೆ ನೋಡಿದೆ. ಅವರೇ ಹೇಳಿದರು, "ದೇವಿ ಹೂ ಕೊಟ್ಟಳಂತೆ ಡಾಕ್ಟರ್." ಈ ಸಲ ಯಾರೂ ನಗಲಿಲ್ಲ.

ದಿನ ತುಂಬದ ಕೂಸಿಗೆ ಬಿಸುಪು ತಪ್ಪಬಾರದು ಎಂದರು. ಒದ್ದೆಯಾದ ತಕ್ಷಣ ಬಟ್ಟೆ ಬದಲಿಸಬೇಕು. ನನ್ನ ಗಂಟು ಆಗ ಕೆಲಸಕ್ಕೆ ಬಂತು. ಎಷ್ಟು ತೆಗೆದರೂ ಮೆತ್ತನೆ ಬಟ್ಟೆ ಬರುತ್ತಲೇ ಇತ್ತು, ಕಂಬಳಿಯ ಪದರದೊಳಗೆ ಕೂಸು ಗೂಡಿನಲ್ಲಿದ್ದ ಹಾಗೆ ಇತ್ತು. ನಾನು ಒಗೆಯುತ್ತಿದ್ದೆ, ಕುದಿಸುತ್ತಿದ್ದೆ, ಒಣಗಿಸುತ್ತಿದ್ದೆ. ನರ್ಸಮ್ಮ ಒಂದು ದಿನ ಬೇರೆ ಹಾಸಿಗೆಗಳ ಹೆಂಗಸರನ್ನೆಲ್ಲ ಕರೆದು, ನನ್ನ ಗಂಟು ಬಿಚ್ಚಿ ತೋರಿಸಿ, "ನೋಡ್ರಮ್ಮಾ, ಹೆರಿಗೆಗೆ ಬರೋದು ಅಂದ್ರೆ ಹೀಗೆ ಬರಬೇಕು" ಎಂದರು. ಆಗ ಮೊಳೆ ಕೈಗೆ ಸಿಕ್ಕಿತು. "ಇದೇನು? ಮಗೂಗೆ ಚುಚ್ಚಿದ್ರೆ?" ಎಂದು ಬೈದು ಕಿಟಕಿಯ ಮೇಲಿಟ್ಟರು. ಇಟ್ಟರೆ ಇಡಲಿ, ದೃಷ್ಟಿಗೆ ಕಿಟಕಿಯೂ ಆಗುತ್ತದೆ.

"ಇಷ್ಟು ಚೆನ್ನಾಗಿ ಜೋಡಿಸೋದು ಎಲ್ಲಿ ಕಲಿತ್ರಿ ಅಜ್ಜಿ?" ಎಂದು ಒಬ್ಬ ಹುಡುಗಿ ಕೇಳಿದಳು.

"ಈ ನರ್ಸಮ್ಮನೇ ಹೇಳಿದ್ದು. ನಾನು ಕಿವಿ ಇಟ್ಟು ಕೇಳಿಸ್ಕೊಂಡೆ, ಅಷ್ಟೆ" ಎಂದೆ.

ಅಳಿಯ ಆ ದಿನ ಸಂಜೆಯೇ ಓಡಿಬಂದಿದ್ದ. ಕೂಸನ್ನು ನೋಡಿ ಗಂಡಸಾಗಿ ಗೊಳೋ ಎಂದು ಅತ್ತ. ಬೀಗಿತ್ತಿ ಮಾರನೆಯ ದಿನ ಬಂದರು. ಬಂದವರೇ, "ಹೆಣ್ಣೇ?" ಎಂದರು.

"ಹೆಣ್ಣು. ಉಸಿರಾಡ್ತಾ ಅದೆ. ಬಗ್ಗಿ ಕೇಳಿಸ್ಕೊಳ್ಳಿ."

ಅವರು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದಾಗ ಮುಖ ಬೇರೆಯಾಗಿತ್ತು. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಬೆಲ್ಲವನ್ನು ನನ್ನ ಬಾಯಿಗೆ ಹಾಕಿದರು.

ಕೂಸು ಮೈಗೂಡಿದ ಮೇಲೆ ಊರಿಗೆ ಬಂದೆವು. ಬಸ್ಸಿಳಿದು ನೇರ ಅಮ್ಮನ ಗುಡಿಯ ಮುಂದೆ ನಿಂತೆವು. ಹೆರಿಗೆಯ ಸೂತಕ ಕಳೆಯದೆ ಒಳಗೆ ಹೋಗುವ ಹಾಗಿಲ್ಲ, ಹೊರಗಿನಿಂದಲೇ ಕೂಸನ್ನು ಎತ್ತಿ ತೋರಿಸಿದೆ. ನನಗೆ ಹೇಳುವುದಕ್ಕೆ ಬಹಳ ಇತ್ತು. ಬಾಯಿಗೆ ಬಂದದ್ದು, "ತಗೋ, ನೋಡು" ಎಂಬುದಷ್ಟೇ. ಮುನಿಯಪ್ಪ ಅಂದಿನಿಂದ ಆ ಹೂವಿನ ಕಥೆಯನ್ನು ತಾನೇ ಕಣ್ಣಾರೆ ನೋಡಿದವನ ಹಾಗೆ ಹೇಳುತ್ತಾನೆ. ಗಾಳಿಯ ಮಾತು ಎತ್ತುವುದಿಲ್ಲ.

ಈಗ ನಮ್ಮ ಊರಿನಲ್ಲಿ ಬಸುರಿಯ ಗಂಟನ್ನು ಅಮ್ಮನ ಗುಡಿಯಲ್ಲೇ ಕಟ್ಟುತ್ತಾರೆ. ಮನೆಯಲ್ಲಿ ಹೊಂಚಿದ ಹಾಗೂ ಆಗಲಿಲ್ಲ, ಆಸ್ಪತ್ರೆಗೆ ಬರಿಗೈಯಲ್ಲಿ ಹೋದ ಹಾಗೂ ಆಗಲಿಲ್ಲ. ಪಕ್ಕದ ಊರಿನವರೂ ಬರುತ್ತಾರೆ. ಹೆಂಗಸರು ನನ್ನನ್ನೇ ಕಟ್ಟಿಕೊಡಿ ಎಂದು ಕರೆಯುತ್ತಾರೆ, ಹೋಗುತ್ತೇನೆ. ಸರಿಯಾಗಿ ಕುದಿಸಿಲ್ಲದಿದ್ದರೆ ವಾಪಸು ಕಳಿಸುತ್ತೇನೆ. ಮುಖ ಊದಿದೆಯಾ, ತಲೆ ನೋಯುತ್ತದಾ ಎಂದು ಮೊದಲು ಕೇಳುತ್ತೇನೆ. ಹೌದು ಎಂದರೆ, ಹೂ ಕಾಯಬೇಡ, ಇವತ್ತೇ ಬಸ್ಸು ಹತ್ತು ಎನ್ನುತ್ತೇನೆ. ನನಗೆ ಹೂ ಕೊಟ್ಟು ಅಮ್ಮ ತಿಳಿಸಿದ್ದು ಊರಿಗೆಲ್ಲ ತಿಳಿಸಿದ್ದೇ ಎಂದು ನಾನು ನಂಬಿದ್ದೇನೆ. ಒಂದೇ ಮಾತನ್ನು ಅವಳು ಎಷ್ಟು ಸಲ ಹೇಳಬೇಕು?

ಓದಿದವರು ಅಮ್ಮನಿಗೆ ಒಂದು ಸಲ ಕೈಮುಗಿಯಿರಿ, ನನ್ನ ಪರವಾಗಿಯೂ ಮುಗಿಯಿರಿ. ಎಷ್ಟು ಮುಗಿದರೂ ನನ್ನದು ಮುಗಿಯುವುದಿಲ್ಲ.

ಮಗುವಿಗೆ ದುಗ್ಗಮ್ಮ ಎಂದು ಹೆಸರಿಟ್ಟಿದ್ದೇವೆ. ಗೌರಿ ಬಂದಾಗಲೆಲ್ಲ ಅದು ಗುಡಿಯ ಮೆಟ್ಟಿಲನ್ನು ತಾನೇ ಹತ್ತುತ್ತದೆ, ಯಾರೂ ಮುಟ್ಟಬಾರದು. ಹತ್ತಿ ಬಾಗಿಲಲ್ಲಿ ನಿಂತು ಅಮ್ಮನನ್ನೇ ದಿಟ್ಟಿಸಿ ನೋಡುತ್ತದೆ. ಕೈಮುಗಿ ಎಂದರೆ ಮುಗಿಯುವುದಿಲ್ಲ. ಎರಡು ಕೈಯನ್ನೂ ಮುಂದಕ್ಕೆ ಚಾಚಿ, "ಕೊಡು" ಎನ್ನುತ್ತದೆ. ದೇವರ ಹತ್ತಿರ ಹಾಗೆ ಕೇಳಬಾರದು ಎಂದು ಮುನಿಯಪ್ಪ ಗದರುತ್ತಾನೆ. ನಾನು ಗದರುವುದಿಲ್ಲ. ನಾನು ಕೇಳಿದ್ದೂ ಹಾಗೆಯೇ.